ಪಕ್ಕದ ಮಂಚದವರು

ಇಲ್ಲ ಬೈರಮ್ಮ, ಹಾಗೆಲ್ಲ ಅನ್ಕೋಬೇಡಿ… ವೈಕುಂಠಕ್ಕೆ ಬರ್ಲಿಲ್ಲ ಅಂತ ನಾನ್ಯಾಕೆ ತಪ್ಪು ತಿಳ್ಕೊಳ್ಳಲಿ! ಹೇಳಿ ಕಳಿಸದೇ ಇದ್ದೋಳು ನಾನಲ್ವಾ? ಹತ್ತಿರದವರಷ್ಟೇ ಮಾಡಿ ಮುಗಿಸಿದ್ವಿ. ಕೂತ್ಕೊಳ್ಳಿ ಮೊದ್ಲು. ಅಲ್ಲಿ ಬೇಡ, ಆ ಕುರ್ಚಿ ಕಾಲು ಅಲ್ಲಾಡುತ್ತೆ. ಇಲ್ಲಿ, ದಿವಾನದ ಮೇಲೆ ಕೂತ್ಕೊಳ್ಳಿ… ನಮ್ಮನೆಯವರು ಕೊನೆ ಕೊನೇಲಿ ಮಲಗ್ತಿದ್ದಿದ್ದು ಇಲ್ಲೇ. ಪರವಾಗಿಲ್ಲ, ಹೊದಿಕೆ, ದಿಂಬು, ಎಲ್ಲಾ ಬಿಸಿನೀರಲ್ಲಿ ನೆನೆಸಿ ಒಗೆಸಿದೀನಿ.

ಒಬ್ರೇ ಬಂದ್ರಾ? ಮನು ಬರ್ಲಿಲ್ವಾ?… ಹೂಂ, ಮಕ್ಕಳಿಗೆ ಅವರವರ ಓಡಾಟ. ಚಿಕ್ಕಲಸಂದ್ರ ಇಲ್ಲೇ ಇದ್ರೂ ಆಟೋದವರು ಬರಲ್ಲ ಅಂತಾರೆ. ಅಯ್ಯೋ, ಕಣ್ಣೆಲ್ಲ ಎಷ್ಟು ಕೆಂಪಗಾಗಿದೆ ನಿಮಗೆ! ಅಳ್ಬೇಡಿ. ನೀವು ಅತ್ರೆ ನನಗೂ ಬರುತ್ತೆ. ಈ ಬನಶಂಕರಿಲಿ, ಇಷ್ಟು ವರ್ಷ ಇದ್ದ ಮೂರನೇ ಸ್ಟೇಜಲ್ಲಿ, ಎಷ್ಟು ಜನ ಬಂದು ಹೋದ್ರು ಗೊತ್ತಾ? ಎಲ್ರೂ ಅದೇ ಮಾತು… ‘ವಯಸ್ಸಾಗಿತ್ತಲ್ಲ, ನರಳದೆ ಹೋದ್ರಲ್ಲ.’ ನರಳದೆ! ಯಾರು ಹೇಳಿದ್ರು ಇವರಿಗೆ? ಕೈ ಹಿಡ್ಕೊಂಡು ಅತ್ತೋರು ಅಂದ್ರೆ ನೀವೊಬ್ರೇ. ಆಸ್ಪತ್ರೆ ಪರಿಚಯ… ಒಂದು ರೂಮು, ಎರಡು ಮಂಚ, ನಡುವೆ ಒಂದು ಹಸಿರು ಪರದೆ. ಅಷ್ಟರಲ್ಲೇ ಅಣ್ಣತಮ್ಮ ಆಗ್ಬಿಟ್ರಲ್ರೀ ಇಬ್ಬರೂ.

ಏನು?… ಇರಿ, ಇರಿ, ಕಾಫಿ ಬೆರೆಸ್ತೀನಿ, ಡಿಕಾಕ್ಷನ್ ಇಳಿದಿದೆ. ಬೇಡ್ವಾ? ಅರ್ಧ ಲೋಟ?… ಸರಿ, ಆಮೇಲೆ ಕೊಡ್ತೀನಿ. ಬ್ಯಾಗು ಕೆಳಗಿಡಿ, ಯಾಕೆ ಮಡಿಲಲ್ಲೇ ಇಟ್ಕೊಂಡಿದೀರಿ?

ಗೌಡ್ರು ಹೇಗಿದಾರೆ? ಕಾಲು?… ನಡೀತಾರಾ! ಕೋಲಿಲ್ದೆ?… ಒಳ್ಳೇದಾಯ್ತು. ಒಳ್ಳೇದಾಯ್ತು. ಇಲ್ಲ, ನಿಜವಾಗ್ಲೂ ಹೇಳ್ತಿದೀನಿ. ಇವರು ಕೊನೇವರೆಗೂ ಕೇಳ್ತಿದ್ರು, ‘ತಿಮ್ಮರಾಯಪ್ಪನ ಬೆರಳು ತೆಗೆದ ಜಾಗ ಮಾಯ್ತಾ?’ ಅಂತ. ತಮಗೆ ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಜ್ವರ, ಆದ್ರೂ ಅವರ ಕಾಲಿನ ಯೋಚನೆ.

ನೆನಪಿದೆಯಾ, ಮೊದಲ್ನೇ ದಿನ? ಗೌಡ್ರು ಕೇಳಿದ್ರು, ಸ್ವಾಮಿ ಮನೆ ಎಲ್ಲಿ ಅಂತ. ಇವರು ಅಡ್ರೆಸ್ ಹೇಳಿದ್ದೇ ತಡ, ‘ಅಯ್ಯೋ ಸ್ವಾಮಿ, ಅದು ನಮ್ಮಪ್ಪನ ರಾಗಿ ಹೊಲ ಅಲ್ವಾ! ಲೇಔಟ್ ಆದಾಗ ಹೋಗಿದ್ದು. ನಿಮ್ಮ ಅಡಿಗೆಮನೆ ಇರೋ ಕಡೆ ನಮ್ಮ ಕಣ ಇತ್ತು!’ ಇವರು ಎದ್ದು ಕೂತು ಕೈ ಮುಗಿದ್ರು. ‘ಹಾಗಾದ್ರೆ ಗೌಡ್ರೇ, ನಾನೇ ನಿಮ್ಮ ಒಕ್ಕಲು!’ ಅಂದ್ರು. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು, ಸಿಸ್ಟರ್ ಓಡಿ ಬಂದು ಬೈದ್ರು… ಯಾಕೆ ಬೈರಮ್ಮ, ನಗಲೇ ಇಲ್ಲ? ಅವತ್ತು ನೀವೇ ಎಲ್ಲರಿಗಿಂತ ಜೋರಾಗಿ ನಕ್ಕೋರು… ಹೌದು ಬಿಡಿ, ಇವತ್ತು ನಗೋ ದಿನ ಅಲ್ಲ.

ಏನು? ಹೇಗಾಯ್ತು ಅಂತಾನಾ ಕೇಳ್ತಿರೋದು? ಹೇಳ್ತೀನಿ. ಯಾರಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳ್ಬೇಕು.

ಮನೆಗೆ ಬಂದ್ಮೇಲೆ ಚೆನ್ನಾಗೇ ಇದ್ರು. ಪ್ರಾಸ್ಟೇಟ್ ಆಪರೇಷನ್ ಈಗ ದೊಡ್ಡದಲ್ಲ ಅಂತ ಎಲ್ರೂ ಅನ್ನೋರು, ಇವರೂ ಅಂದ್ರು. ಟ್ಯೂಬು ತೆಗೆದ್ರು, ಬ್ಯಾಗು ತೆಗೆದ್ರು, ಪಾರ್ಕಿಗೆ ಹೋಗಕ್ಕೆ ಶುರು ಮಾಡಿದ್ರು. ಒಂದು ಬೆಳಿಗ್ಗೆ ಪೇಪರ್ ಓದ್ತಾ ಕೂತೋರು, ‘ಭಾಮಾ, ಫ್ಯಾನ್ ಆರಿಸು’ ಅಂದ್ರು. ಫ್ಯಾನ್ ಹಾಕೇ ಇರ್ಲಿಲ್ಲ. ನೋಡ್ತೀನಿ, ಪೇಪರ್ ಅವರ ಕೈಯಲ್ಲಿ ಪಟಪಟ ಅಂತ ಬಡ್ಕೋತಾ ಇದೆ. ಚಳಿ! ಎರಡು ರಗ್ಗು ಹೊದ್ದಿಸಿದ್ರೂ ಹಲ್ಲು ಕಟಕಟ ಅಂತಿತ್ತು. ಶರ್ವಾಣಿಗೆ ಫೋನ್ ಮಾಡ್ದೆ. ಮಗಳು ಮೈಸೂರಿಂದ ಬರೋವಷ್ಟರಲ್ಲಿ ಐಸಿಯುಗೆ ಹಾಕಿದ್ರು. ಅದೇ ಆಸ್ಪತ್ರೆ.

ರಕ್ತಕ್ಕೆ ಸೋಂಕು ಹತ್ತಿದೆ ಅಂದ್ರು. ಒಂದು ಔಷಧಿ ಹಾಕಿದ್ರು, ಇಳೀಲಿಲ್ಲ. ಇನ್ನೊಂದು ಹಾಕಿದ್ರು. ಅದಕ್ಕೂ ಇಲ್ಲ. ರಕ್ತ ತೆಗೆದು ಲ್ಯಾಬಲ್ಲಿ ಕ್ರಿಮಿ ಬೆಳೆಸ್ತಾರಲ್ಲ, ಅದರ ರಿಪೋರ್ಟ್ ಬಂತು. ಯಾವ ಔಷಧಿಗೂ ಜಗ್ಗದ ಕ್ರಿಮಿ ಅಂತ! ಯಾವ ಕ್ರಿಮಿ ಗೊತ್ತಾ? ಎಲ್ಲರ ಹೊಟ್ಟೆಲೂ ಇರುತ್ತಲ್ಲ, ಆ ಇ-ಕೋಲೈ. ನಿಮ್ಮ ಹೊಟ್ಟೆಲಿದೆ, ನನ್ನ ಹೊಟ್ಟೆಲಿದೆ, ಹುಟ್ಟಿದಾಗಿಂದ ನಮ್ಜೊತೆ ಇರೋ ಪಾಪದ ಪ್ರಾಣಿ. ಶರ್ವಾಣಿ ರಿಪೋರ್ಟ್ ನೋಡಿ, ಸದ್ಯ ಅಂತ ಉಸಿರು ಬಿಟ್ಲು. ‘ಅಮ್ಮಾ, ಇದು ಆ ಪಕ್ಕದ ಮಂಚದ…’

ಅಂದ್ರೆ… ಪಕ್ಕದ ಮಂಚಕ್ಕೆ ಬಂದಿದ್ರಲ್ಲ, ನೀವು ಹೋದ್ಮೇಲೆ? ನಿಮಗೆ ಗೊತ್ತಿಲ್ಲ. ನಿಮ್ಮನ್ನ ಬೇರೆ ರೂಮಿಗೆ ಹಾಕಿದ್ಮೇಲೆ ಆ ಮಂಚಕ್ಕೆ ಒಬ್ಬರು ಬಂದ್ರು. ಬೇಗೂರಿನವರು. ನೀಲಕಂಠಪ್ಪ ಅಂತ. ಅವರಿಗೂ ಸಕ್ಕರೆ ಕಾಯಿಲೆ, ಕಾಲಲ್ಲಿ… ಕಾಲಲ್ಲ, ಹೊಟ್ಟೆ. ಹೊಟ್ಟೆ ಆಪರೇಷನ್. ಬೇರೆ ಯಾವುದೋ ಆಸ್ಪತ್ರೇಲಿ ಬಹಳ ದಿನ ಇದ್ದು ಬಂದಿದ್ರು. ಅವರ ಮೈಲಿ ಇದ್ದ ಕ್ರಿಮಿ ಹೆಸರು, ಸಿಸ್ಟರ್ ಒಬ್ರು ಶರ್ವಾಣಿಗೆ ಹೇಳಿದ್ದು, ಕ್ಲೆಬ್ಸಿಯೆಲ್ಲಾ… ಹೂಂ, ನಾಲಿಗೆ ತಿರುಗಲ್ಲ. ಅದೂ ಯಾವ ಔಷಧಿಗೂ ಬಗ್ಗದ್ದು. ಶರ್ವಾಣಿ ಅಂದ್ಲು, ‘ಅಮ್ಮಾ, ಅವರದ್ದು ಬೇರೆ, ಅಪ್ಪಂದು ಬೇರೆ. ಅವರಿಂದ ಬಂದಿದ್ದಲ್ಲ ಬಿಡು.’ ನನಗೂ ಎಷ್ಟು ಸಮಾಧಾನ ಆಯ್ತು ಅಂತೀರಿ! ಜಾತಿನೇ ಬೇರೆ ಕ್ರಿಮಿ, ಅವರಿಂದ ಹೇಗೆ ಬರುತ್ತೆ? ಪಾಪ, ಆ ಮನುಷ್ಯರನ್ನ ಯಾಕೆ ಅನ್ಬೇಕು?

ಆಮೇಲೆ ಆ ಡಾಕ್ಟರ್ ವಿಷ್ಣು ಬಂದ್ರು. ಸೋಂಕಿನ ಡಾಕ್ಟ್ರು, ಚಿಕ್ಕ ವಯಸ್ಸು, ಕನ್ನಡದಲ್ಲೇ ಮಾತಾಡ್ತಾರೆ. ಹೊರಗಡೆ ಬೆಂಚ್ ಮೇಲೆ ನನ್ನ ಪಕ್ಕ ಕೂತ್ರು. ಅವರು ನಿಂತು ಮಾತಾಡಿದ್ರೆ ನಾನು ಹೆದರ್ತಿರ್ಲಿಲ್ಲ. ಕೂತ್ರು ನೋಡಿ, ಅವಾಗ್ಲೇ ನನಗೆ ಅರ್ಥ ಆಯ್ತು.

ನಾನು ಕೇಳ್ದೆ, ‘ನಮ್ಮ ಹೊಟ್ಟೇಲಿ ಇರೋ ಬಡಪಾಯಿ ಕ್ರಿಮಿ, ಇದಕ್ಕೆ ಈ ಸೊಕ್ಕು ಎಲ್ಲಿಂದ ಬಂತು ಡಾಕ್ಟ್ರೇ?’ ಅವರು ಪೆನ್ ತೆಗೆದು ಅಂಗೈ ಮೇಲೆ ಎರಡು ದುಂಡು ಬರೆದ್ರು. ಪೇಪರ್ ಇರ್ಲಿಲ್ಲ ಪಾಪ. ಒಂದು ಪಕ್ಕದವರ ಕ್ರಿಮಿ, ಇನ್ನೊಂದು ಇವರದ್ದು. ಮೊದಲ್ನೇದರ ಒಳಗೆ ಚಿಕ್ಕದೊಂದು ಉಂಗುರ. ಔಷಧಿನ ಮುರಿದು ಹಾಕೋ ವಿದ್ಯೆ ಆ ಉಂಗುರದಲ್ಲಿ ಇರುತ್ತಂತೆ. ಎರಡು ಕ್ರಿಮಿ ಹತ್ತಿರ ಬಂದಾಗ, ಹೊಟ್ಟೇಲೋ, ಬೇಸಿನ್ನಿನ ಪೈಪಲ್ಲೋ, ಟ್ಯೂಬಿನ ಒಳಗೋ, ಉಂಗುರ ಇರೋದು ಇನ್ನೊಂದಕ್ಕೆ ಒಂದು ಎಳೆ ಚಾಚುತ್ತಂತೆ. ಚಾಚಿ, ಆ ಉಂಗುರದ ಒಂದು ನಕಲು ದಾಟಿಸುತ್ತೆ. ಕೊಟ್ರೂ ತನ್ನ ಹತ್ರ ಇರೋದು ಹೋಗಲ್ಲ. ಬಂಧುನೂ ಆಗ್ಬೇಕಿಲ್ಲ, ಒಂದೇ ಜಾತಿನೂ ಆಗ್ಬೇಕಿಲ್ಲ! ಬಂದ ಕ್ರಿಮಿ ಸತ್ತೇ ಹೋಗ್ಲಿ, ಉಂಗುರ ಇನ್ನೊಂದರಲ್ಲಿ ಉಳೀತು. ‘ಅವರ ಕ್ರಿಮಿ ನಿಮ್ಮೋರ ರಕ್ತಕ್ಕೆ ಬಂದಿಲ್ಲ ಮೇಡಂ. ಅದು ನಿಮ್ಮೋರ ಸ್ವಂತ ಕ್ರಿಮಿಗೆ ವಿದ್ಯೆ ಕೊಟ್ಟು ಹೋಯ್ತು’ ಅಂದ್ರು. ಎರಡರಲ್ಲೂ ಇರೋದು ಅದೇ ಜೀನು. ಟೆಸ್ಟ್ ಮಾಡ್ಸಿದ್ರಂತೆ.

ನಾನು ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳ್ಕೊಟ್ಟೋಳು ಬೈರಮ್ಮ. ರಿಟೈರ್ ಆಗೋವರೆಗೂ ಅದನ್ನೇ ಹೇಳಿದ್ದು, ತಾಯಿ ತಂದೆಯಿಂದ ಮಕ್ಕಳಿಗೆ ಗುಣ ಬರುತ್ತೆ ಅಂತ. ಪಕ್ಕದಲ್ಲಿ ಮಲಗಿದೋರಿಂದ ಬರುತ್ತೆ ಅಂತ ಒಂದು ದಿನ ಹೇಳ್ಕೊಡ್ಲಿಲ್ಲ. ನನಗೇ ಗೊತ್ತಿರ್ಲಿಲ್ಲ.

ಹೂಂ?… ಔಷಧಿನಾ? ಹೇಳ್ತೀನಿ ಇರಿ, ಅದೇ ಹೇಳಕ್ಕೆ ಬಂದೆ. ಮಧ್ಯ ಮಧ್ಯ ತಡೀಬೇಡಿ, ಎಳೆ ತಪ್ಪಿ ಹೋಗುತ್ತೆ. ಕೊನೇದಾಗಿ ಒಂದು ಇಂಜೆಕ್ಷನ್ ಉಳಿದಿತ್ತು. ಹಳೇ ಕಾಲದ್ದು, ಕಿಡ್ನಿ ತಿನ್ನುತ್ತೆ ಅಂತ ಹಿಂದೆ ಮೂಲೆಗೆ ಸೇರಿಸಿದ್ದಂತೆ. ಬೇರೆ ಯಾವುದೂ ನಡೀದೇ ಇದ್ದಾಗ ಈಗ ಅದನ್ನೇ ಧೂಳು ಕೊಡವಿ ತೆಗೀತಾರೆ. ‘ಇದು ಹಾಕಿದ್ರೆ ಕಿಡ್ನಿ ಹೋಗಬಹುದು, ಹಾಕದೇ ಇದ್ರೆ ಅವರೇ…’ ಅಂತ ನಿಲ್ಲಿಸಿದ್ರು ಡಾಕ್ಟ್ರು. ಹಾಕಿ ಅಂದೆ. ಮಾರನೇ ದಿನ ಜ್ವರ ಬಿಡ್ತು ಬೈರಮ್ಮ! ಕಣ್ಣು ಬಿಟ್ರು. ಸಾರಿನ ತಿಳಿ ಬೇಕು ಅಂದ್ರು. ಇಲ್ಲಿಂದ ಫ್ಲಾಸ್ಕಲ್ಲಿ ತಗೊಂಡು ಹೋದೆ, ಚಮಚದಲ್ಲಿ ಕೊಟ್ಟೆ. ‘ಉಪ್ಪು ಕಮ್ಮಿ’ ಅಂದ್ರು. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ ನೋಡಿ, ಉಪ್ಪು ಕಮ್ಮಿ ಅಂದಿದ್ದಕ್ಕೆ.

ಜ್ವರ ಮತ್ತೆ ಬಂತು. ಕಿಡ್ನಿ ನಿಂತು ಹೋಯ್ತು, ಡಯಾಲಿಸಿಸ್ ಮಾಡಿದ್ರು, ಮುಖ ಊದ್ಕೊಂಡು ಕಣ್ಣೇ ಕಾಣ್ತಿರ್ಲಿಲ್ಲ. ಒಂದು ವಾರ ಅಲ್ಲೇ ಇಟ್ಕೊಂಡ್ರು. ಆಮೇಲೆ ಡಾಕ್ಟರ್ ವಿಷ್ಣುನೇ, ‘ಮನೆಗೆ ಕರ್ಕೊಂಡು ಹೋಗ್ತೀರಾ ಮೇಡಂ?’ ಅಂದ್ರು. ಇಲ್ಲೇ, ನೀವು ಕೂತಿರೋ ಜಾಗದಲ್ಲೇ… ಇಲ್ಲ ಇಲ್ಲ, ಏಳ್ಬೇಡಿ! ಕೂತ್ಕೊಳ್ಳಿ. ಈಗೇನಿಲ್ಲ ಅಲ್ಲಿ.

ನೀರು ಕೊಡ್ಲಾ?

ಬೈರಮ್ಮ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮನೆ ಮಡಿ ಮೈಲಿಗೆ ಅಂತಾನೂ ತಿಳ್ಕೋಬೇಡಿ. ಅದೆಲ್ಲ ನಮ್ಮತ್ತೆ ಕಾಲಕ್ಕೇ ಮುಗೀತು. ಆಸ್ಪತ್ರೇಲಿ ನೀವು ತಂದ ಉಪ್ಸಾರು ಮುದ್ದೆ ಇವರು ಬೆರಳು ಚೀಪಿ ಚೀಪಿ ತಿಂದಿದ್ದು ನೀವೇ ನೋಡಿದೀರಿ. ಇದು ಬೇರೆ ವಿಷಯ. ಮನೇಲಿ ಎಲ್ರೂ ಸೋಪು ಹಾಕಿ ಕೈ ತೊಳ್ಕೊಳ್ಳಿ. ಬಚ್ಚಲಿಗೆ ಹೋಗಿ ಬಂದ್ಮೇಲೆ, ಊಟಕ್ಕೆ ಮುಂಚೆ. ಗೌಡ್ರಂತೂ ಮುಖ್ಯವಾಗಿ… ಅಂದ್ರೆ ಎಲ್ರೂ, ಎಲ್ರೂ. ಆಸ್ಪತ್ರೆಗೆ ಹೋಗಿ ಬಂದೋರೆಲ್ಲ. ಆಗ್ಬಹುದಾದ್ರೆ ಅವರಿಗೆ ಬೇರೆ ಬಾತ್‌ರೂಮು ಕೊಡಿ. ನಿಮ್ಮನೇಲಿ ಮಹಡಿ ಮೇಲೂ ಇದೆ ಅಲ್ವಾ?

ಯಾಕೆ ಅಂದ್ರೆ… ಸುಮ್ನೆ. ಎಚ್ಚರಿಕೆಗೆ. ಕಾಲಿಗೆ ಡ್ರೆಸ್ಸಿಂಗ್ ಯಾರು ಮಾಡ್ತಿದ್ರು? ನರ್ಸ್ ಬರ್ತಿದ್ರಾ ಮನೆಗೆ?… ರಮ್ಯನಾ?… ನಿಮ್ಮ ಸೊಸೆ ರಮ್ಯ? ಬಸುರಿ ಹುಡುಗಿ ಕೈಲಾ!… ಅಲ್ಲ ಅಲ್ಲ, ಬೈತಿಲ್ಲ. ಮಾವನಿಗೆ ಮಾಡಿದ್ಲು, ಒಳ್ಳೇ ಹುಡುಗಿ. ಬರೀ ಕೈಯಲ್ಲೇನಾ?… ಹೂಂ… ಹೂಂ.

ಯಾಕೆ ಕೇಳಿದೆ ಅಂದ್ರೆ, ಡಾಕ್ಟ್ರು ನನ್ನನ್ನೂ ಹೀಗೇ ಕೇಳಿದ್ರು. ‘ಪಕ್ಕದ ಮಂಚದವರನ್ನ ನಿಮ್ಮವರು ಮುಟ್ಟಿದ್ರಾ? ಅವರ ವಸ್ತು ಏನಾದ್ರೂ?’ ನನಗೆ ನಗು ಬಂತು. ಮುಟ್ಟಿದ್ರಾ! ಇಬ್ಬರಿಗೂ ಮೂತ್ರದ ಟ್ಯೂಬು, ಇಬ್ಬರ ಕೈಲೂ ಆ ಹಳದಿ ಬ್ಯಾಗು. ಕಾರಿಡಾರಲ್ಲಿ ನಡೀರಿ ಅಂತ ಡಾಕ್ಟ್ರು ಹೇಳಿದ್ರಲ್ಲ? ಅವರಿಗೆ ಕಾಲು ನೋವು, ಗೋಡೆ ಹಿಡೀಬೇಕು, ಬ್ಯಾಗ್ ಹಿಡಿಯೋಕೆ ಕೈ ಇಲ್ಲ. ಇವರು, ‘ಕೊಡಿ ಇಲ್ಲಿ, ನಾನು ಹಿಡ್ಕೋತೀನಿ’ ಅಂತ ಅವರ ಬ್ಯಾಗೂ ತಮ್ಮ ಬ್ಯಾಗೂ ಎರಡನ್ನೂ ಒಂದೇ ಕೈಯಲ್ಲಿ ಇಟ್ಕೊಂಡು, ಇನ್ನೊಂದು ಕೈಯಲ್ಲಿ ಅವರ ತೋಳು ಹಿಡ್ಕೊಂಡು, ಮದುವೆ ಮನೆಗೆ ಹೊರಟೋರ ಥರ! ತುಂಬಿದ್ರೆ ಸಿಸ್ಟರ್‌ಗೂ ಕಾಯ್ತಿರ್ಲಿಲ್ಲ, ತಾವೇ ಹೋಗಿ ಖಾಲಿ ಮಾಡ್ಕೊಂಡು ಬರೋರು. ನೀವೇ ಫೋನಲ್ಲಿ ಫೋಟೋ ತೆಗೆದು ಮನುಗೆ ಕಳಿಸಿದ್ರಲ್ಲ…

…

ಅಲ್ಲ. ಅದು… ನೀಲಕಂಠಪ್ಪನೋರೂ ಹಾಗೇ… ಅವರ ಜೊತೇನೂ ಇವರು ನಡೀತಿದ್ರು. ಇವರ ಸ್ವಭಾವ ನಿಮಗೆ ಗೊತ್ತಲ್ಲ, ಯಾರಾದ್ರೂ ಸರಿ, ಕೈ ಹಿಡೀತಿದ್ರು…

ಬೈರಮ್ಮ, ಹಾಗ್ ನೋಡ್ಬೇಡಿ.

ಏನಾದ್ರೂ ಅನ್ನಿ. ಬೈಯಿರಿ. ‘ನಮ್ಮ ಮೇಲೆ ಯಾಕೆ ಹಾಕ್ತೀಯ’ ಅಂತಾದ್ರೂ ಅನ್ನಿ!

…ಇಲ್ಲ. ನೀಲಕಂಠಪ್ಪ ಅನ್ನೋರು ಯಾರೂ ಇಲ್ಲ. ಆ ಮಂಚಕ್ಕೆ ನೀವು ಹೋದ್ಮೇಲೆ ಯಾರೂ ಬರ್ಲಿಲ್ಲ. ಖಾಲಿ ಇತ್ತು. ಗೋಡೆ, ನೆಲ, ಮಂಚದ ಕಂಬಿ, ಎಲ್ಲಾ ಯಾವುದೋ ಘಾಟು ನೀರಲ್ಲಿ ಒರೆಸಿದ್ರು, ಪರದೆ ಬಿಚ್ಚಿ ಒಯ್ದ್ರು. ನಾನು ಅವತ್ತೇ ಕೇಳ್ಬೇಕಿತ್ತು, ಯಾಕೆ ಅಂತ.

ಮನು ನಿಮಗೆ ಏನಂತ ಹೇಳ್ದ? ಸ್ಪೆಷಲ್ ರೂಮು ಸಿಕ್ತು ಅಂತಾನಾ? ನೀವು ಬಂದು ನನಗೆ ಹೇಳಿದ್ರಿ, ಎಷ್ಟು ಖುಷಿಯಾಗಿ, ‘ನಮಗೆ ಒಬ್ಬರಿಗೇ ರೂಮು ಕೊಟ್ಟವ್ರೆ ಮೇಡಂ, ಸಿಸ್ಟರ್‌ಗಳು ಹಳದಿ ನಿಲುವಂಗಿ ಹಾಕ್ಕೊಂಡು ಬತ್ತಾರೆ’ ಅಂತ. ಅದು ಸ್ಪೆಷಲ್ ಅಲ್ಲ ಬೈರಮ್ಮ. ಯಾರಿಗೂ ತಾಗದೇ ಇರ್ಲಿ ಅಂತ ಬೇರೆ ಇಟ್ಟಿದ್ದು. ಮನುಗೆ ಹೇಳಿರ್ತಾರೆ ಇಂಗ್ಲಿಷಲ್ಲಿ ಏನೋ. ಅಪ್ಪ ಅಮ್ಮ ಹೆದರ್ತಾರೆ ಅಂತ ಅವನು ಸ್ಪೆಷಲ್ ರೂಮು ಮಾಡ್ದ. ಅವನ ತಪ್ಪೂ ಅಲ್ಲ.

ಗೌಡ್ರದ್ದು ಯಾವ ತಪ್ಪು? ಅವರು ಇಲ್ಲಿಗೆ ಬರೋ ಮುಂಚೆ ಇದ್ದ ಆ ಇನ್ನೊಂದು ಆಸ್ಪತ್ರೇಲಿ ಯಾರಿಂದ ತಂದ್ರೋ. ಆ ಯಾರಿಗೆ ಇನ್ಯಾರಿಂದ ಬಂತೋ. ಡಾಕ್ಟ್ರೂ ಅದೇ ಅಂದ್ರು, ‘ಹೀಗೇ ದಾಟ್ತು ಅಂತ ಆಣೆ ಮಾಡಿ ಹೇಳಕ್ಕಾಗಲ್ಲ ಮೇಡಂ, ಆದ್ರೆ ಬೇರೆ ದಾರಿ ನನಗೆ ಕಾಣ್ತಿಲ್ಲ.’ ಹೆಸರು ಹೇಳ್ಲಿಲ್ಲ ಅವರು. ಪಕ್ಕದ ಮಂಚದವ್ರು ಅಂದ್ರು ಅಷ್ಟೆ. ಪಕ್ಕದ ಮಂಚದಲ್ಲಿ ಇನ್ಯಾರಿದ್ರು ಹೇಳಿ!

ಗೌಡ್ರಿಗೆ ಯಾಕೆ ಏನೂ ಆಗ್ಲಿಲ್ಲ ಅಂತ ನಾನೂ ಕೇಳ್ದೆ. ಹೂಂ, ಕೇಳ್ದೆ. ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರಿದು ಕೇಳ್ದೆ. ಅವರಿಗೆ ಕೊಳೆತ ಬೆರಳು ತೆಗೆದು ಹಾಕಿದ್ರು, ಕೀವು ಹೊರಗೆ ಹೋಯ್ತು, ಚಾಕು ಉಳಿಸ್ತು, ಔಷಧಿ ಅಲ್ಲ. ಆದ್ರೆ ಅದು ಅವರ ಹೊಟ್ಟೇಲಿ ಇನ್ನೂ ಇರುತ್ತಂತೆ. ತಿಂಗಳುಗಟ್ಟಲೆ. ಅವರಿಗೇನೂ ತೊಂದ್ರೆ ಇಲ್ಲ. ತಿಂದುಂಡು ಆರಾಮಾಗಿ ಓಡಾಡ್ಕೊಂಡಿರ್ತಾರೆ. ತೆಗೆಯೋಕೆ ಮದ್ದಿಲ್ಲ. ತಾನಾಗೇ ಹೋದ್ರೆ ಹೋಯ್ತು. ನನ್ನಲ್ಲೂ ಇರಬಹುದು, ಇವರ ಬಟ್ಟೆ ಬದಲಾಯಿಸಿದೋಳು ನಾನೇ ಅಲ್ವಾ? ಮನೇಲಿ ಗಟ್ಟಿಮುಟ್ಟಾಗಿ ಇರೋರಿಗೆ ಏನೂ ಮಾಡಲ್ಲ. ಮೈ ಕೊಯ್ದೋರು, ಟ್ಯೂಬ್ ಹಾಕ್ಕೊಂಡೋರು, ಎಳೇ ಕೂಸುಗಳು… ಅಂಥವ್ರಿಗೆ ಮಾತ್ರ.

ಅದಕ್ಕೇ ಹೇಳ್ಬೇಕು ಅಂತಿದ್ದೆ ನಿಮಗೆ. ರಮ್ಯ ವಿಷಯಕ್ಕೆ. ದಿನಾ ಅಂದ್ಕೊಳ್ಳೋದು, ಇವತ್ತು ಚಿಕ್ಕಲಸಂದ್ರಕ್ಕೆ ಹೋಗಿ ಹೇಳಿ ಬರೋಣ ಅಂತ. ಸೀರೆ ಕೂಡ ಉಟ್ಕೊಂಡೆ ಒಂದು ದಿನ. ಗೇಟಿನವರೆಗೂ ಹೋದೆ. ಗೌಡ್ರು ಬಾಗಿಲಲ್ಲೇ ಕೂತಿರ್ತಾರೆ, ‘ಬನ್ನಿ ಅಮ್ಮಾವ್ರೇ’ ಅಂತಾರೆ, ನಾನೇನಂತ ಶುರು ಮಾಡ್ಲಿ? ನಿಮ್ಮಿಂದ ಹೋದ್ರು ಇವರು ಅಂತಾನಾ? ಆ ಮನುಷ್ಯ ಅದನ್ನ ಕೇಳಿದ್ಮೇಲೆ ಒಂದು ತುತ್ತು ನುಂಗ್ತಾರಾ? ಮತ್ತೆ ಇನ್ನೊಂದು… ಅವರು ಎದ್ದು ನಡ್ಕೊಂಡು ಬರೋದನ್ನ ನೋಡಕ್ಕೆ ನನಗೆ ಆಗ್ತಿರ್ಲಿಲ್ಲ ಬೈರಮ್ಮ. ಚೆನ್ನಾಗಿರೋ ಕಾಲಲ್ಲಿ. ಅಷ್ಟು ಕೆಟ್ಟವಳಾಗಿದ್ದೆ. ವಾಪಸ್ ಬಂದು ಸೀರೆ ಬಿಚ್ಚಿಟ್ಟೆ.

ಹೋಗ್ಲಿ, ಈಗ ಹೇಳಿದೀನಲ್ಲ. ಇನ್ನೂ ಹೊತ್ತು ಮೀರಿಲ್ಲ. ರಮ್ಯಂಗೆ ಇನ್ನೂ ದಿನ ಇದೆ. ಹೆರಿಗೆಗೆ ಸೇರಿಸೋ ಮುಂಚೆ ಆ ಡಾಕ್ಟ್ರಿಗೆ ಹೇಳ್ಬಿಡಿ, ಮನೇಲಿ ಮಾವನಿಗೆ ಹೀಗೆ ಇತ್ತು, ಇವಳೇ ಡ್ರೆಸ್ಸಿಂಗ್ ಮಾಡಿದಾಳೆ ಅಂತ. ಅವರು ಎಚ್ಚರಿಕೆ ಮಾಡ್ತಾರೆ. ಕೆಲವು ಕಡೆ ಬೆಡ್ ಇಲ್ಲ ಅಂದ್ರೂ ಅಂದಾರು. ಆದ್ರೂ ಹೇಳಿ, ಮುಚ್ಚಿಡ್ಬೇಡಿ…

ಯಾಕೆ ತಲೆ ಆಡಿಸ್ತೀರಿ? ಹೇಳಲ್ಲ ಅಂತಾನಾ?… ಮತ್ತೆ?… ದಿನ ಇಲ್ವಾ?

ಆಯ್ತಾ? ಹೆರಿಗೆ ಆಯ್ತಾ! ಯಾವಾಗ? ಇನ್ನೂ ಎಂಟರಲ್ಲಿ ಇರ್ಬೇಕಲ್ಲ ಅವಳು… ಮುಂಚೇನೇ ನೋವು ಬಂತಾ. ಅಯ್ಯೋ ಬೈರಮ್ಮ, ಒಂದು ಮಾತು ಹೇಳ್ಬಾರ್ದಾ? ಸಾವಾದ ಮನೆ, ಇಲ್ಲಿ ಹೇಗೆ ಹೇಳೋದು ಅಂತಾನಾ? ಒಳಗೆ ಬಂದಾಗಿಂದ ಏನೋ ಹೇಳಕ್ಕೆ ಬಾಯಿ ತೆಗೀತಾನೇ ಇದ್ರಿ, ನಾನೇ ಬಿಡ್ಲಿಲ್ಲ… ನಾನು ನನ್ನದೇ ಹೇಳ್ಕೊಂಡು…

ಮಗು?… ಎಲ್ಲಿದೆ?… ಅಲ್ಲೇನಾ. ಅದೇ ಆಸ್ಪತ್ರೇಲಾ. ಗಾಜಿನ ಪೆಟ್ಟಿಗೇಲಿ ಇಟ್ಟಿದಾರಾ.

ಜ್ವರ?… ಮೈ ತಣ್ಣಗಾಗ್ತಿದೆಯಾ. ಹಾಲು ಎಳೀತಿಲ್ವಾ… ಅಳೋದೂ ಇಲ್ವಾ?

ಔಷಧಿ ಹಾಕಿದಾರೆ ತಾನೇ?… ಬದಲಾಯಿಸಿದ್ರು. ಹೂಂ… ಮತ್ತೆ ಬದಲಾಯಿಸಿದ್ರು.

ಡಾಕ್ಟ್ರು ಏನಾದ್ರೂ ಕೇಳಿದ್ರಾ, ಮನೇಲಿ ಯಾರಿಗಾದ್ರೂ ಆಸ್ಪತ್ರೇಲಿ ಇಂಥ ಸೋಂಕು ಇತ್ತಾ ಅಂತ?… ಕೇಳಿದ್ರಾ?… ನೀವೇನಂದ್ರಿ?… ಇಲ್ಲ ಅಂದ್ರಾ.

ನಿಮಗೆ ಗೊತ್ತಿರ್ಲಿಲ್ಲ. ಹೌದು. ನಿಮಗೆ ಹೇಗೆ ಗೊತ್ತಿರುತ್ತೆ?

ನನಗೆ ಗೊತ್ತಿತ್ತು.

ಮನುಗೆ ಫೋನ್ ಮಾಡಿ. ಈಗ್ಲೇ ಮಾಡಿ. ‘ನಮ್ಮಪ್ಪಂಗೆ ಇತ್ತು, ಪಕ್ಕದವರು ಹೋಗಿದ್ದು ಅದರಲ್ಲೇ’ ಅಂತ ಡಾಕ್ಟ್ರಿಗೆ ಹೇಳ್ಲಿ. ಡಾಕ್ಟರ್ ವಿಷ್ಣು ಅಂತ ಕೇಳ್ಲಿ. ಮಗುದು ನಿಮ್ಮ ಮನೆಯಿಂದ ಬಂತೋ, ಆ ಪೆಟ್ಟಿಗೆ ಪಕ್ಕದ ಪೆಟ್ಟಿಗೆಯಿಂದ ಬಂತೋ, ಯಾರಿಗೆ ಗೊತ್ತು? ಬೇರೇನೇ ಇರಬಹುದು. ಬೇರೇನೇ ಇರ್ಲಿ ದೇವ್ರೇ! ಆದ್ರೂ ಹೇಳ್ಲಿ… ಎಲ್ಲಿ ನಿಮ್ಮ ಫೋನು? ಕೊಡಿ, ನಾನೇ ಒತ್ತಿ ಕೊಡ್ತೀನಿ… ಎತ್ತುತಾ ಇಲ್ಲ… ಮತ್ತೆ ಮಾಡ್ತೀನಿ… ಎತ್ತುತಾ ಇಲ್ಲ. ಒಳಗೆ ಫೋನ್ ಬಿಡಲ್ವೇನೋ, ಅಷ್ಟೇ ಇರ್ಬೇಕು.

ಬೈರಮ್ಮ. ಸೆರಗಲ್ಲಿ ಕೈ ಯಾಕೆ ಸುತ್ಕೊಂಡ್ರಿ? ಕೊಡಿ ಇಲ್ಲಿ. ನಾನು ಹಿಡ್ಕೋತೀನಿ, ನನಗೇನೂ ಆಗಲ್ಲ… ಯಾಕೆ ಹಿಂದಕ್ಕೆ ಎಳ್ಕೋತೀರಿ?

ಹಾಗಾದ್ರೆ ಯಾಕೆ ಬಂದ್ರಿ ಇಲ್ಲಿಗೆ? ಮಗುನ ಅಲ್ಲಿ ಬಿಟ್ಟು, ಒಬ್ಬರೇ, ಈ ಬಿಸಿಲಲ್ಲಿ… ನನ್ನ ಮಾತಾಡಿಸೋಕಲ್ಲ. ಏನೋ ಕೇಳೋಕೆ ಬಂದ್ರಿ.

ಔಷಧಿ ಅಂದ್ರಿ ಆವಾಗ. ಹೂಂ, ಅಂದ್ರಿ… ಸ್ವಾಮಿಗೆ ಯಾವುದು ಕೊಟ್ರು, ಎಲ್ಲಾ ಸೋತ ಮೇಲೆ ಕೊನೇಲಿ ಏನು ಕೊಟ್ರು, ಅದರ ಹೆಸರು ಕೇಳಿ ಮಗೂಗೂ ಅದನ್ನೇ ಹಾಕಿಸೋಣ ಅಂತ… ಅಷ್ಟಕ್ಕೇ ಬಂದಿದ್ದಾ?

ಅದಾದ್ಮೇಲೆ ಇನ್ಯಾವುದೂ ಇಲ್ವಾ ಅಂತ ಕೇಳ್ಬೇಡಿ. ನನ್ನ ಮುಖ ನೋಡ್ಬೇಡಿ.

ಕೊಟ್ರು ಬೈರಮ್ಮ. ಕೊನೇದೂ ಕೊಟ್ರು.